ಕೈದೀಪದ ಸೆಲ್ಲು ಮತ್ತು ಅದಕ್ಕೆ ತಕ್ಕ ಚಾರ್ಜರು



ಕಳೆದ ತಿಂಗಳು ಈ ಪುಟದಲ್ಲಿ ಕಾಳುಕಡಿಗಳನ್ನು ಹುಳು ಹಿಡಿಯದಂತೆ ಇಡುವ ಬಗೆಯನ್ನು ಹೇಳಿದ್ದೆನು. ಈ ಸಲದ ವಿಷಯವು ಅಡಿಗೆಮನೆಯದಲ್ಲ. ಬಾಗಿಲ ಹಿಂದಿನ ಗೂಟಕ್ಕೆ ತೂಗುಹಾಕುವ ಕೈದೀಪದ್ದು. ನಮ್ಮ ಕಡೆಯ ಜನರು ಇದಕ್ಕೆ ‘ಬ್ಯಾಟರಿ’ ಎಂತಲೂ ಅದರ ಒಳಗೆ ಹಾಕುವದಕ್ಕೆ ‘ಸೆಲ್ಲು’ ಎಂತಲೂ ಅನ್ನುತ್ತಾರೆ. ನಾನೂ ಆ ಹೆಸರುಗಳನ್ನೇ ಇಟ್ಟುಕೊಂಡು ಬರೆಯುವೆನು. ಇಷ್ಟು ಸಣ್ಣ ವಸ್ತುವಿಗೆ ಒಂದು ತಿಂಗಳ ಪುಟವೇಕೆಂದು ಕೇಳುವವರು, ಮುಂದಿನ ವೃತ್ತಾಂತವನ್ನು ಓದಿದ ಮೇಲೆ ತೀರ್ಮಾನಿಸಬೇಕೆಂದು ಪ್ರಾರ್ಥನೆ.

ನನ್ನ ಅಕ್ಕನನ್ನು ಮುನಿರಾಬಾದಿಗೆ ಕೊಟ್ಟಿದ್ದಾರೆ. ತುಂಗಭದ್ರೆಯ ಎಡದಂಡೆಯ ಮೇಲೆ, ಅಣೆಕಟ್ಟಿನ ಬುಡದಲ್ಲಿಯೇ ಇರುವ ಊರು ಅದು. ೧೯೪೫ನೆಯ ಇಸವಿಯಲ್ಲಿ ಒಂದು ದಂಡೆಯಿಂದ ಹೈದರಾಬಾದ ಸಂಸ್ಥಾನವೂ ಇನ್ನೊಂದು ದಂಡೆಯಿಂದ ಮದರಾಸ ಸರಕಾರವೂ ಆರಂಭಿಸಿದ ಆ ಕಟ್ಟಡದಿಂದ ೧೯೫೩ರಲ್ಲಿ ಕಾಲುವೆಗಳಿಗೆ ನೀರು ಹರಿಯಿತು. ಕಟ್ಟೆಯ ಕೆಳಗೆ ವಿದ್ಯುತ್ತನ್ನು ಹುಟ್ಟಿಸುವ ಆಗಾರವೂ ಉಂಟು. ಆದರೂ ದೀಪದ ಬುಡದಲ್ಲಿ ಕತ್ತಲೆಯೆಂಬ ಗಾದೆ ಸುಳ್ಳಲ್ಲ. ನಮ್ಮ ಭಾವನವರ ಭತ್ತದ ಗದ್ದೆಯು ಎಡದಂಡೆಯ ಕಾಲುವೆಯ ಕೆಳಗಿದೆ. ನೀರಿನ ಪಾಳಿ ಹಗಲು ಬಂದರೆ ಹಗಲು, ಇರುಳು ಬಂದರೆ ಇರುಳು. ಮಧ್ಯರಾತ್ರಿಯಲ್ಲಿ ಎದ್ದು ಬದುವಿನ ಮೇಲೆ ನಡೆದು ನೀರು ತಿರುವಿ ಬರುವ ಒಕ್ಕಲಿಗನಿಗೆ ಅಲ್ಲಿ ಯಾವ ಕಂಬದ ದೀಪವೂ ಇಲ್ಲ. ಕೈಯೊಳಗಿನ ಬ್ಯಾಟರಿಯೇ ಬೆಳಕು.

ಭತ್ತವಿದ್ದಲ್ಲಿ ಇಲಿ, ಇಲಿಯಿದ್ದಲ್ಲಿ ಹಾವು. ೨೦೦೦ದಿಂದ ೨೦೧೯ರ ವರೆಗೆ ನಮ್ಮ ದೇಶದಲ್ಲಿ ಸುಮಾರು ೧೨ ಲಕ್ಷ ಜನರು ಹಾವು ಕಚ್ಚಿ ಸತ್ತರೆಂದು ಸಂಶೋಧಕರು ಲೆಕ್ಕ ಹಾಕಿದ್ದಾರೆ. ಸರಾಸರಿ ವರ್ಷಕ್ಕೆ ೫೮,೦೦೦. ಇವರಲ್ಲಿ ಬಹುಜನರು ಹಳ್ಳಿಗರು. ಕಾಲ ಮುಂದಿನ ನಾಲ್ಕು ಮೊಳ ನೆಲವನ್ನು ಸ್ಪಷ್ಟವಾಗಿ ತೋರಿಸುವ ಬೆಳಕು ಇಂಥ ಮನೆಗೆ ಚೈನಿಯ ವಸ್ತುವಲ್ಲವೆಂಬುದನ್ನು ಬೇರೆ ಹೇಳಬೇಕೆ?

ಕಳೆದ ಶ್ರಾವಣದಲ್ಲಿ ಆ ಮನೆಯಲ್ಲಿ ನಡೆದದ್ದು ಇದು. ಅವರ ಹಳೆಯ ಬ್ಯಾಟರಿಯಲ್ಲಿ ೪ ವೋಲ್ಟಿನ ಸೀಸದ ಸೆಲ್ಲು ಇತ್ತು. ಹಿಂದಿನಿಂದ ಎರಡು ಕಡ್ಡಿಗಳನ್ನು ಹೊರಗೆ ಸರಿಸಿ ಗೋಡೆಯ ಪ್ಲಗ್ಗಿಗೆ ನೇರವಾಗಿ ಚುಚ್ಚುವ ಮಾದರಿಯದು. ವರ್ಷಗಳ ಮೇಲೆ ಆ ಸೆಲ್ಲು ಸೋತಿತು. ಕಾಲೇಜಿನಲ್ಲಿ ಓದುತ್ತಿರುವ ನನ್ನ ಸೋದರಳಿಯನು ಹಳೆಯದೊಂದು ಲ್ಯಾಪ್‌ಟಾಪನ್ನು ಬಿಚ್ಚಿ, ಅದರೊಳಗಿನ ಲಿಥಿಯಂ-ಅಯಾನ್ ಸೆಲ್ಲೊಂದನ್ನು ತೆಗೆದು, ಸೀಸದ ಸೆಲ್ಲಿನ ಸ್ಥಳದಲ್ಲಿ ಕೂರಿಸಿ ಬೆಸೆದನು. ದೀಪವು ಹಗಲಿನಂತೆ ಬೆಳಗಿತು. ಮನೆಯವರೆಲ್ಲ ಹುಡುಗನನ್ನು ಹೊಗಳಿದರು. ಆದರೆ ಹಿಂದಿನ ರೂಢಿಯಂತೆ, ಬ್ಯಾಟರಿಯನ್ನು ಉಪಯೋಗಿಸದಿದ್ದಾಗಲೆಲ್ಲ ಗೋಡೆಯ ಪ್ಲಗ್ಗಿಗೇ ಚುಚ್ಚಿಟ್ಟರು. ಹೀಗೆ ಮೂರು ನಾಲ್ಕು ದಿನ ಬಿಡುವಿಲ್ಲದೆ ಅದು ಅಲ್ಲಿಯೇ ನೇತಾಡಿತು. ಒಂದು ಸಂಜೆ ಗೋಡೆಯ ಕಡೆಯಿಂದ ‘ಸುಂಯ್’ ಎಂಬ ಸಪ್ಪಳ. ಮೂಗಿಗೆ ಹೊಡೆಯುವ ವಾಸನೆ. ಮರುಕ್ಷಣವೇ ದಟ್ಟ ಹೊಗೆ. ಅಕ್ಕನು ಧೈರ್ಯಗುಂದದೆ ಮೊದಲು ಮೇನ್ ಸ್ವಿಚ್ಚನ್ನು ಇಳಿಸಿ, ಮುದುಕಿಯಾದ ಅತ್ತೆಯನ್ನೂ ತೊಟ್ಟಿಲಲ್ಲಿದ್ದ ಮೊಮ್ಮಗುವನ್ನೂ ಅಂಗಳಕ್ಕೆ ಕರೆತಂದಳು. ಬ್ಯಾಟರಿ ಕರಗಿ ಮುದ್ದೆಯಾಯಿತು, ಗೋಡೆ ಕಪ್ಪಾಯಿತು. ಪುಣ್ಯಕ್ಕೆ ಹತ್ತಿರದಲ್ಲಿ ಅರಿವೆ-ಅಂಚಡಿ ಯಾವದೂ ಇರಲಿಲ್ಲ.

ಅಂದೇ ರಾತ್ರಿ ಭಾವನವರ ನೀರಿನ ಪಾಳಿ. ಮೊಬೈಲಿನ ಬೆಳಕನ್ನು ನಂಬಿ ಹೋದರು. ನಡುರಾತ್ರಿಗೆ ಅದೂ ಆರಿತು. ಬದುವಿನ ಮೇಲಿನ ಕಲ್ಲೊಂದರ ಮೇಲೆ ಬೆಳಗಾಗುವ ವರೆಗೆ ಕುಳಿತು ಬಂದರು. ಆ ನಾಲ್ಕು ತಾಸು ಅಕ್ಕನು ಬಾಗಿಲಲ್ಲಿ ಹೇಗೆ ಕಳೆದಳೆಂಬುದನ್ನು ನಾನು ವರ್ಣಿಸಲಾರೆನು.

ಮರುದಿನ ನಾನು ಅಲ್ಲಿಗೆ ಹೋದಾಗ ಮನೆಯಲ್ಲಿ ವಾದ ನಡೆದಿತ್ತು.

“ತಮ್ಮಾ, ಇನ್ನ ಮ್ಯಾಲೆ ಈ ಮನ್ಯಾಗ ಆ ಸೆಲ್ಲು ಬ್ಯಾಡ,” ಎಂದಳು ಅಕ್ಕ.

“ಮಾಮಾ, ತಪ್ಪು ಸೆಲ್ಲಿಂದಲ್ಲ, ಚಾರ್ಜ್ ಮಾಡೂದರದು. ಆಟದ ವಿಮಾನಕ್ಕ ಹಚ್ಚತಾರಲ್ಲಾ, ಆ ದೊಡ್ಡ ಚಾರ್ಜರು ತಗೊಂಡ್ರ ಎಲ್ಲಾ ಸರಿ ಆಗ್ತದ,” ಎಂದನು ಅಳಿಯ.

“ನನಗ ಬೆಳಕು ಬೇಕು ನೋಡ್ರಿ, ಅಷ್ಟ,” ಎಂದು ಭಾವನವರು ಸುಮ್ಮನಾದರು.

ಮೂವರದೂ ನಿಜವೇ. ಆದುದರಿಂದ ಮೊದಲು ಸೆಲ್ಲಿನ ಸ್ವಭಾವವನ್ನು ನೋಡೋಣ. ಲಿಥಿಯಂ-ಅಯಾನ್ ಸೆಲ್ಲು ೧೯೯೧ರಲ್ಲಿ ಜಪಾನಿನ ಸೋನಿ ಸಂಸ್ಥೆಯಿಂದ ಪೇಟೆಗೆ ಬಂದಿತು. ಅದರ ಮೂಲ ಸಂಶೋಧನೆ ಮಾಡಿದ ಗುಡ್‌ಇನಫ್, ವಿಟ್ಟಿಂಗ್‌ಹ್ಯಾಮ್, ಯೋಶಿನೋ ಎಂಬ ಮೂವರಿಗೆ ೨೦೧೯ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಪಾರಿತೋಷಕ ದೊರೆಯಿತು. ಬ್ಯಾಟರಿಗಳಲ್ಲಿ ಹೆಚ್ಚಾಗಿ ಬಳಸುವ ಸೆಲ್ಲಿಗೆ ೧೮೬೫೦ ಎಂದು ಹೆಸರು. ೧೮ ಮಿಲಿಮೀಟರು ದಪ್ಪ, ೬೫ ಮಿಲಿಮೀಟರು ಉದ್ದ, ಕೊನೆಯ ಸೊನ್ನೆಯು ದುಂಡಾಕಾರದ ಗುರುತು. ಸಾಮಾನ್ಯವಾದ ಒಣಸೆಲ್ಲು ೧.೫ ವೋಲ್ಟಿನದಾದರೆ ಇದು ೩.೬ ಅಥವಾ ೩.೭ ವೋಲ್ಟಿನದು.

ಇದನ್ನು ತುಂಬುವ ಬಗೆಯನ್ನು ಮುನಿರಾಬಾದಿನವರಿಗೆ ತಿಳಿಸುವದು ಸುಲಭ. ಅವರ ಊರ ಜಲಾಶಯದ ಪೂರ್ಣಮಟ್ಟವು ೧೬೩೩ ಅಡಿ. ನೀರು ಅದಕ್ಕೂ ಮೇಲೇರಲು ಬಂದರೆ ಹೊರಗೆ ಬಿಡುವದಕ್ಕೆ ೩೩ ಗೇಟುಗಳಿವೆ. ಸೆಲ್ಲಿಗೂ ಒಂದು ಪೂರ್ಣಮಟ್ಟವುಂಟು, ಅದು ೪.೨೦ ವೋಲ್ಟು. ಇದರಲ್ಲಿ ೦.೦೫ ವೋಲ್ಟಿಗಿಂತ ಹೆಚ್ಚಿನ ತಪ್ಪನ್ನು ಸೆಲ್ಲು ಮನ್ನಿಸುವದಿಲ್ಲ. ಆದರೆ ಅದಕ್ಕೆ ಗೇಟುಗಳಿಲ್ಲ. ಮಟ್ಟ ಮೀರಿ ತುಂಬುತ್ತ ಹೋದರೆ ಒಳಗೆ ಲಿಥಿಯಂ ಲೋಹವು ಕಟ್ಟಿಕೊಳ್ಳುವದು, ಕಾವು ಏರುವದು. ಒಳಗಿನ ದ್ರವವು ಉರಿಯುವಂಥದಾದ್ದರಿಂದ ಕೊನೆಗೆ ಹೊಗೆ, ಬೆಂಕಿ. ಆದುದರಿಂದ ಒಳ್ಳೆಯ ಚಾರ್ಜರು ಎರಡು ಹಂತದಲ್ಲಿ ಕೆಲಸ ಮಾಡುವದು. ಮೊದಲು ಒಂದೇ ಪ್ರಮಾಣದ ಪ್ರವಾಹವನ್ನು ಒಳಗೆ ಬಿಡುವದು. ಮಟ್ಟವು ೪.೨೦ಕ್ಕೆ ಮುಟ್ಟಿದ ಕೂಡಲೆ ಅದನ್ನು ಅಲ್ಲಿಯೇ ಹಿಡಿದು, ಪ್ರವಾಹವನ್ನು ಕ್ರಮೇಣ ಕಿರಿದು ಮಾಡುವದು. ಪ್ರವಾಹವು ಮೊದಲಿನ ಹತ್ತನೆಯ ಒಂದು ಪಾಲಿಗೋ ಇನ್ನೂ ಕೆಳಕ್ಕೋ ಇಳಿದಾಗ ಪೂರ್ತಿ ನಿಲ್ಲಿಸಿಬಿಡುವದು. ಈ ನಿಲ್ಲಿಸುವಿಕೆಯೇ ಚಾರ್ಜರಿನ ಮುಖ್ಯ ಗುಣ.

ಸೀಸದ ಸೆಲ್ಲಿನ ಬ್ಯಾಟರಿಯಲ್ಲಿ ಈ ಗುಣವಿರಲಿಲ್ಲ. ೪ ವೋಲ್ಟಿನ ಸೀಸದ ಸೆಲ್ಲು ತುಂಬುವಾಗ ೪.೮ ವೋಲ್ಟಿನ ಆಸುಪಾಸಿಗೆ ಏರಿದರೂ ತಾಳಿಕೊಳ್ಳುವದು. ಅದಕ್ಕಾಗಿ ಮಾಡಿದ ಅಗ್ಗದ ವ್ಯವಸ್ಥೆಯು ಸಣ್ಣ ಧಾರೆಯಾಗಿ ಪ್ರವಾಹವನ್ನು ಬಿಡುತ್ತಲೇ ಇರುವದು. ‘ಸಾಕು’ ಎಂಬ ಮಾತೇ ಅದಕ್ಕೆ ತಿಳಿಯದು. ಹುಡುಗನು ಬದಲಿಸಿದ್ದು ಸೆಲ್ಲನ್ನು ಮಾತ್ರ, ತುಂಬುವ ಕ್ರಮವನ್ನಲ್ಲ. ಅನಾಹುತವಾದದ್ದು ಇದರಿಂದಲೇ.

ಇನ್ನು ಅಳಿಯನು ಕೇಳಿದ ಹವ್ಯಾಸಿಗಳ ಚಾರ್ಜರಿನ ಮಾತು. ಆಟದ ವಿಮಾನ, ಮೋಟಾರುಗಳನ್ನು ಹಾರಿಸಿ ಓಡಿಸುವವರಿಗಾಗಿ ಹುಟ್ಟಿದ ಯಂತ್ರವಿದು. ಐಮ್ಯಾಕ್ಸ್ ಬಿ-೬ ಎಂಬುದು ಇವುಗಳಲ್ಲಿ ಬಹಳ ಪ್ರಸಿದ್ಧವಾದದ್ದು. ಅದರ ಹೆಸರು ಹೊತ್ತ ನಕಲುಗಳೂ ಪೇಟೆಯಲ್ಲಿ ಬಹಳ. ಅದರಲ್ಲಿ ಸಣ್ಣ ಪರದೆಯೂ ಗುಂಡಿಗಳೂ ಇವೆ. ಸೆಲ್ಲಿನ ಜಾತಿ, ಸಾಲಿನಲ್ಲಿ ಎಷ್ಟು ಸೆಲ್ಲುಗಳಿವೆ, ಎಷ್ಟು ಪ್ರವಾಹ ಬೇಕು ಎಂಬುದನ್ನೆಲ್ಲ ನಾವೇ ಆಯ್ದು ಹೇಳಬೇಕು. ಇದರ ಗುಣಗಳು ಕಡಿಮೆಯವಲ್ಲ. ತುಂಬಿದ ಸೆಲ್ಲನ್ನು ಬರಿದು ಮಾಡಿ, ಅದರಲ್ಲಿ ನಿಜವಾಗಿ ಎಷ್ಟು ಶಕ್ತಿಯಿತ್ತೆಂಬುದನ್ನು ಅಂಕಿಯಲ್ಲಿ ತೋರಿಸುವದು. ೧೧ರಿಂದ ೧೮ ವೋಲ್ಟಿನ ನೇರ ಪ್ರವಾಹದಿಂದ ನಡೆಯುವದಾದ್ದರಿಂದ, ಕರೆಂಟು ಇಲ್ಲದಾಗ ೧೨ ವೋಲ್ಟಿನ ಟ್ರ್ಯಾಕ್ಟರಿನ ಬ್ಯಾಟರಿಯಿಂದಲೂ ನಡೆಸಬಹುದು. ಬೇರೆ ಬೇರೆ ಜಾತಿಯ ಹತ್ತಾರು ಸೆಲ್ಲುಗಳನ್ನು ಇಟ್ಟುಕೊಂಡವನಿಗೆ ಇದಕ್ಕಿಂತ ಒಳ್ಳೆಯ ಸಂಗಡಿಗನಿಲ್ಲ.

ಆದರೆ ಇದು ಹೇಳಿದ್ದನ್ನು ಮಾಡುವ ಯಂತ್ರ. ತಪ್ಪು ಹೇಳಿದರೂ ಮಾಡುವದು. ನಿಕಲ್ ಸೆಲ್ಲಿನ ಕ್ರಮವನ್ನು ಆಯ್ದು ಲಿಥಿಯಂ ಸೆಲ್ಲನ್ನು ಸಿಕ್ಕಿಸಿದರೆ ೪.೨೦ರ ಕಟ್ಟಳೆಯು ಅಲ್ಲಿ ಇರುವದೇ ಇಲ್ಲ. ಸೀಸದ ಬ್ಯಾಟರಿಯ ಕಥೆಯೇ ಇನ್ನೂ ಜೋರಾಗಿ ನಡೆದೀತು. ಬಿಡಿ ಸೆಲ್ಲನ್ನು ಕೂರಿಸುವದಕ್ಕೆ ಅದರಲ್ಲಿ ಸ್ಥಳವಿಲ್ಲ. ಬೇರೆ ತೊಟ್ಟಿಲನ್ನು ಕೊಂಡು ತಂತಿ ಜೋಡಿಸಬೇಕು. ತಂತಿಯ ಚಿಮುಟಗಳನ್ನು ಹಾಗೆಯೇ ಕಚ್ಚಿಸಿದರೆ ಅವು ಒಂದಕ್ಕೊಂದು ತಗಲುವ ಭಯ. ಕೆಂಪು-ಕಪ್ಪು ತಂತಿಗಳು ಅದಲುಬದಲಾಗುವ ಭಯ.

ಇವೆಲ್ಲಕ್ಕಿಂತ ಮುನಿರಾಬಾದಿನಂಥ ಊರಿಗೆ ಮುಖ್ಯವಾದ ಮಾತೊಂದಿದೆ. ಕರೆಂಟು ಹೋಗಿ ಬಂದರೆ ಈ ಯಂತ್ರವು ತಾನು ಏನು ಮಾಡುತ್ತಿದ್ದೆನೆಂಬುದನ್ನು ಬಿಟ್ಟು, ಮೊದಲಿನ ಪರದೆಗೆ ಬಂದು ಸುಮ್ಮನೆ ನಿಲ್ಲುವದು. ಯಾರಾದರೂ ಬಂದು ಗುಂಡಿ ಒತ್ತಬೇಕು. ಹುಡುಗನು ಕಾಲೇಜಿಗೆ ಹೋಗಿರುವನು, ಅಕ್ಕನು ಅಡಿಗೆಯಲ್ಲಿರುವಳು, ಮಧ್ಯಾಹ್ನ ಎರಡು ಸಲ ಕರೆಂಟು ಹೋಗಿ ಬರುವದು, ರಾತ್ರಿ ಭಾವನವರು ಅರ್ಧ ತುಂಬಿದ ಸೆಲ್ಲಿನಿಂದ ಬದುವಿಗೆ ಹೋಗುವರು. ಆದರೆ ಸೆಲ್ಲುಗಳಿಗಾಗಿಯೇ ಮಾಡಿದ ಸಾದಾ ಗಾಲೆ ಚಾರ್ಜರು, ಅಂದರೆ ಸೆಲ್ಲನ್ನು ಮಲಗಿಸಿ ಕೂರಿಸುವ ಮನೆಗಳುಳ್ಳದ್ದು, ಕರೆಂಟು ಬಂದ ಕೂಡಲೆ ತಾನಾಗಿ ಕೆಲಸವನ್ನು ಮುಂದುವರಿಸುವದು. ಗುಣ ಎಷ್ಟಿದ್ದರೇನು, ಮನೆಯ ನಡವಳಿಕೆಗೆ ಹೊಂದದ ಸಾಧನವು ಆ ಮನೆಗೆ ಒಳ್ಳೆಯದಲ್ಲ.

ಆದುದರಿಂದ ನಾನು ಅಕ್ಕನ ಮನೆಗೆ ಎರಡು ಮನೆಗಳುಳ್ಳ ಸಾದಾ ಚಾರ್ಜರನ್ನೇ ಆರಿಸಿದೆನು. ಆರಿಸುವಾಗ ನೋಡಿದ ಲಕ್ಷಣಗಳನ್ನು ವಾಚಕರ ಉಪಯೋಗಕ್ಕಾಗಿ ಕೆಳಗೆ ಹೇಳುವೆನು.

ಒಂದನೆಯದು, ೪.೨೦ ವೋಲ್ಟಿಗೆ ಹಿಡಿದು ತಾನಾಗಿ ನಿಲ್ಲತಕ್ಕದ್ದು. ಮೊದಲ ಸಲ ಸೆಲ್ಲು ತುಂಬಿದ ಮೇಲೆ ಹೊರಗೆ ತೆಗೆದು ಮಲ್ಟಿಮೀಟರಿನಿಂದ ಅಳೆದು ನೋಡಬೇಕು. ೪.೧೫ರಿಂದ ೪.೨೦ರ ವರೆಗೆ ಬಂದರೆ ಸರಿ. ೪.೨೫ನ್ನು ದಾಟಿದರೆ ಆ ಚಾರ್ಜರನ್ನು ಮರಳಿಸತಕ್ಕದ್ದು.

ಎರಡನೆಯದು, ಪ್ರತಿಯೊಂದು ಮನೆಗೂ ಬೇರೆ ಬೇರೆ ಕಾವಲು ಇರಬೇಕು. ಒಂದು ಸೆಲ್ಲು ಮೊದಲೇ ತುಂಬಿದರೆ ಅದು ನಿಂತು ಇನ್ನೊಂದು ಮುಂದುವರಿಯಬೇಕು. ಎರಡಕ್ಕೂ ಒಂದೇ ದೀಪ, ಒಂದೇ ಲೆಕ್ಕವಿರುವ ಚಾರ್ಜರು ಬೇಡ. ಸೆಲ್ಲನ್ನು ತಲೆಕೆಳಗಾಗಿ ಇಟ್ಟರೆ ಕೆಲಸ ಮಾಡದೆ ಸುಮ್ಮನಿರುವಂತೆಯೂ ಇರಬೇಕು.

ಮೂರನೆಯದು, ಪ್ರವಾಹವನ್ನು ಹೆಚ್ಚುಕಡಿಮೆ ಮಾಡಲು ಬರಬೇಕು. ಲೆಕ್ಕ ಸುಲಭ. ಸೆಲ್ಲಿನ ಮೈಮೇಲೆ ೨,೬೦೦ ಮಿಲಿಆಂಪಿಯರ್-ಗಂಟೆ ಎಂದಿದ್ದರೆ ಅದರ ಅರ್ಧ, ಎಂದರೆ ೧.೩ ಆಂಪಿಯರಿಗಿಂತ ಹೆಚ್ಚು ಬಿಡದಿರುವದು ಲೇಸು. ೧ ಆಂಪಿಯರು ಬಿಟ್ಟರೆ ಸುಮಾರು ಮೂರು ತಾಸಿನಲ್ಲಿ ತುಂಬುವದು. ಅರ್ಧ ಆಂಪಿಯರಿಗೆ ಐದಾರು ತಾಸು. ಆದರೆ ೧೪೫೦೦ ಎಂಬ ಸಣ್ಣ ಸೆಲ್ಲಿನಲ್ಲಿ ಸಾಮಾನ್ಯವಾಗಿ ೭೦೦-೮೦೦ ಮಾತ್ರ ಇರುವದರಿಂದ ಅದಕ್ಕೆ ೧ ಆಂಪಿಯರು ಹೆಚ್ಚಾಯಿತು. ಇನ್ನೊಂದು ಎಚ್ಚರಿಕೆ: ಈ ೧೪೫೦೦ ನೋಡುವದಕ್ಕೆ ಗಡಿಯಾರದ ಒಣಸೆಲ್ಲಿನಷ್ಟೇ ಇದ್ದರೂ ಅದರ ಒತ್ತಡವು ಎರಡು ಪಟ್ಟಿಗಿಂತ ಹೆಚ್ಚು. ಮಕ್ಕಳು ಅದನ್ನು ಗಡಿಯಾರಕ್ಕೋ ಆಟಿಕೆಗೋ ಹಾಕದಂತೆ ಬೇರೆ ಇಡಬೇಕು.

ನಾಲ್ಕನೆಯದು, ಒತ್ತಡದ ಏರಿಳಿತಗಳನ್ನು ತಾಳುವಂತಿರಬೇಕು. ಚಾರ್ಜರಿನ ಬೆನ್ನ ಮೇಲೆ ೧೦೦ರಿಂದ ೨೪೦ ವೋಲ್ಟು ಎಂದು ಬರೆದದ್ದು ಹಳ್ಳಿಯ ಕರೆಂಟಿಗೆ ಯೋಗ್ಯ. ಮೊಬೈಲಿನ ಅಡಾಪ್ಟರಿನಿಂದ ನಡೆಯುವ ಯೂಎಸ್‌ಬಿ ಚಾರ್ಜರಾದರೆ, ೫ ವೋಲ್ಟು ೨ ಆಂಪಿಯರಿನ ಒಳ್ಳೆಯ ಅಡಾಪ್ಟರನ್ನೇ ಹಚ್ಚಬೇಕು. ಕರೆಂಟಿಲ್ಲದಾಗ ಇದನ್ನು ಪವರ್ ಬ್ಯಾಂಕಿನಿಂದಲೂ ನಡೆಸಬಹುದಾದ್ದರಿಂದ ಟ್ರ್ಯಾಕ್ಟರಿನ ಅವಶ್ಯಕತೆಯೂ ತಪ್ಪಿತು.

ಐದನೆಯದು, ಸತ್ತ ಸೆಲ್ಲನ್ನು ಬದುಕಿಸುವೆನೆಂಬ ಚಾರ್ಜರಿನ ಮಾತಿಗೆ ಮರುಳಾಗಬಾರದು. ೨ ವೋಲ್ಟಿಗಿಂತ ಕೆಳಗೆ ಇಳಿದು ಬಹಳ ದಿನ ಬಿದ್ದ ಸೆಲ್ಲನ್ನು ಮತ್ತೆ ತುಂಬುವದು ಅಪಾಯಕರ. ಅದನ್ನು ಕಸದಲ್ಲಿ ಎಸೆಯದೆ, ಎರಡೂ ತುದಿಗಳಿಗೆ ಅಂಟುಪಟ್ಟಿ ಹಚ್ಚಿ, ಹಳೆಯ ಬ್ಯಾಟರಿಗಳನ್ನು ಕೊಳ್ಳುವವರಿಗೆ ಮುಟ್ಟಿಸತಕ್ಕದ್ದು. ೨೦೨೨ರ ಬ್ಯಾಟರಿ ತ್ಯಾಜ್ಯ ನಿಯಮಗಳು ಇಂಥವನ್ನು ಮರಳಿ ಪಡೆಯುವ ಹೊಣೆಯನ್ನು ತಯಾರಕರ ಮೇಲೆಯೇ ಇಟ್ಟಿವೆ.

ಚಾರ್ಜರು ಒಳ್ಳೆಯದಾದರೆ ಸಾಲದು, ಸೆಲ್ಲೂ ಪ್ರಾಮಾಣಿಕವಾಗಿರಬೇಕು. ೧೮೬೫೦ರ ಅಳತೆಯ ಒಳ್ಳೆಯ ಸೆಲ್ಲುಗಳಲ್ಲಿ ಸಾಮಾನ್ಯವಾಗಿ ೨,೦೦೦ದಿಂದ ೩,೫೦೦ ಮಿಲಿಆಂಪಿಯರ್-ಗಂಟೆ ಇರುವದು. ತೂಕ ೪೫ರಿಂದ ೫೦ ಗ್ರಾಮು. ೯,೯೦೦ ಎಂದು ಬರೆದುಕೊಂಡು ಕೈಯಲ್ಲಿ ಹಗುರಾಗಿರುವ ಸೆಲ್ಲು ಸುಳ್ಳುಗಾರ. ಭಾರತೀಯ ಮಾನಕ ಬ್ಯೂರೋದ ಐಎಸ್ ೧೬೦೪೬ ಎಂಬ ಗುರುತನ್ನೂ, ‘ಆರ್’ ಅಕ್ಷರದಿಂದ ಮೊದಲಾಗುವ ನೋಂದಣಿಯ ಅಂಕೆಯನ್ನೂ ನೋಡಿ ಕೊಳ್ಳಬೇಕು. ತುದಿಯಲ್ಲಿ ರಕ್ಷಣೆಯ ಪುಟ್ಟ ಮಂಡಲವುಳ್ಳ ಸೆಲ್ಲು ಮನೆಯ ಬಳಕೆಗೆ ಉತ್ತಮ. ಬ್ಯಾಟರಿಗೆ ಎರಡು ಸೆಲ್ಲು ಬೇಕಾದರೆ ಒಂದೇ ದಿನ ಕೊಂಡ ಒಂದೇ ಜಾತಿಯ ಜೋಡಿಯನ್ನು ಹಾಕಬೇಕು. ಹೊಸದು ಹಳೆಯದನ್ನು ಕೂಡಿಸಲಾಗದು.

ರಕ್ಷಣೆಯ ಮಂಡಲವಿದ್ದ ಮೇಲೆ ಚಾರ್ಜರಿನ ಚಿಂತೆಯೇಕೆಂದು ಅಳಿಯನು ಕೇಳಿದನು. ೨೦೨೪ರ ಆಗಸ್ಟ್ ೧೦ರ ರಾತ್ರಿಯನ್ನು ನೆನಪಿಸಿದೆನು. ಅಂದು ಅಣೆಕಟ್ಟಿನ ೧೯ನೆಯ ಗೇಟಿನ ಸರಪಳಿ ಹರಿದು ಗೇಟೇ ಕೊಚ್ಚಿಹೋಯಿತು. ಕಟ್ಟೆಯ ಮೇಲಿನ ಒತ್ತಡವನ್ನು ಇಳಿಸಲು ಉಳಿದ ಗೇಟುಗಳನ್ನೂ ತೆರೆದು, ಒಕ್ಕಲಿಗರು ಕಾದಿದ್ದ ನೀರನ್ನು ನದಿಗೆ ಬಿಡಬೇಕಾಯಿತು. ಸುಮಾರು ಒಂದು ವಾರದ ಮೇಲೆ ತಾತ್ಕಾಲಿಕ ತಡೆಹಲಗೆಗಳನ್ನು ಇಳಿಸಿ ಆ ಕಂಡಿಯನ್ನು ಮುಚ್ಚಿದರು. ಒಂದೇ ಸರಪಳಿಯನ್ನು ನಂಬಿದರೆ ಏನಾಗುವದೆಂಬುದನ್ನು ಆ ಊರಿನ ಹುಡುಗನಿಗೆ ನಾನು ಕಲಿಸಬೇಕಾಗಿಲ್ಲ. ಚಾರ್ಜರು ನಿಲ್ಲಿಸುವದು ಒಂದು, ಸೆಲ್ಲಿನ ಮಂಡಲವು ತಡೆಯುವದು ಎರಡು, ಮನೆಯವರ ಕಣ್ಣು ಮೂರು.

ಮೂರನೆಯದಕ್ಕಾಗಿ ಅಕ್ಕನು ತಾನೇ ಕಟ್ಟಳೆಗಳನ್ನು ಮಾಡಿದಳು. ಅವರ ಪಡಸಾಲೆಯ ಗೋಡೆಯಲ್ಲಿ ಹಿಂದೆ ಪಣತಿ ಇಡುತ್ತಿದ್ದ ಕಲ್ಲಿನ ಮಾಡವಿದೆ. ಸುತ್ತಲೂ ಕಲ್ಲು, ಕೆಳಗೆ ಶಹಾಬಾದಿ ಪರಸಿ. ಚಾರ್ಜರಿನ ಸ್ಥಳ ಅದೇ. ಹಾಸಿಗೆಯ ಹತ್ತಿರ, ಅರಿವೆಯ ಹತ್ತಿರ, ತಗಡಿನ ಕೋಣೆಯಲ್ಲಿ ಇಡುವಂತಿಲ್ಲ. ೪೫ ಡಿಗ್ರಿಗಿಂತ ಹೆಚ್ಚಿನ ಕಾವಿನಲ್ಲಿ ಸೆಲ್ಲನ್ನು ತುಂಬಬಾರದಾದ್ದರಿಂದ ಚೈತ್ರ-ವೈಶಾಖದಲ್ಲಿ ಬೆಳಗಿನ ತಂಪಿನಲ್ಲಿಯೇ ಆ ಕೆಲಸ. ಮನೆಯವರೆಲ್ಲ ಮಲಗಿದಾಗ ತುಂಬುವಂತಿಲ್ಲ. ಎರಡು ಸೆಲ್ಲು ಕೊಂಡದ್ದೂ ಇದಕ್ಕಾಗಿಯೇ. ಒಂದು ಬ್ಯಾಟರಿಯಲ್ಲಿ, ಇನ್ನೊಂದು ತುಂಬಿ ಸಿದ್ಧ. ಜೇಬಿನಲ್ಲಿ ಒಯ್ಯುವಾಗ ಕೀಲಿಕೈಯೊಡನೆ ತಗಲದಂತೆ ಪ್ಲಾಸ್ಟಿಕಿನ ಡಬ್ಬಿಯಲ್ಲಿ ಒಯ್ಯತಕ್ಕದ್ದು. ಬೆಳೆ ಮುಗಿದು ಬಹಳ ದಿನ ಬಳಸದಿದ್ದರೆ ಪೂರ್ತಿ ತುಂಬಿಯೂ ಇಡದೆ, ಬರಿದಾಗಿಯೂ ಇಡದೆ, ಸುಮಾರು ಅರ್ಧದಲ್ಲಿ ತಂಪಾದ ಸ್ಥಳದಲ್ಲಿ ಇಡತಕ್ಕದ್ದು.

ಅಳಿಯನ ಮುಖ ಬಾಡಿತ್ತು. ಅವನ ಜಿಜ್ಞಾಸೆಯನ್ನು ಕೊಲ್ಲುವದು ನನ್ನ ಇಷ್ಟವಲ್ಲ. ಮನೆಯಲ್ಲಿ ಬೆಳಕು ತಂದವನೂ ಅವನೇ ತಾನೆ! ಅವನಿಗೆ ಮಲ್ಟಿಮೀಟರೊಂದನ್ನು ಕೊಡಿಸಿದೆನು. ಒಂದು ಸುಗ್ಗಿಯ ವರೆಗೆ ಪ್ರತಿಯೊಂದು ಸೆಲ್ಲಿನ ಒತ್ತಡವನ್ನು ತುಂಬುವ ಮುಂಚೆಯೂ ಮೇಲೆಯೂ ಅಳೆದು, ತಾರೀಖು ಸಹಿತ ವಹಿಯಲ್ಲಿ ಬರೆಯಬೇಕು. ಒಂದು ದಿನವೂ ತಪ್ಪಿರಬಾರದು. ವಹಿಯನ್ನು ನೋಡಿ ಮುಂದೆ ಹವ್ಯಾಸದ ಚಾರ್ಜರಿನ ಮಾತು. ಅದು ಬಂದ ಮೇಲೂ ತೊಟ್ಟಿಲಿಲ್ಲದೆ ಸೆಲ್ಲು ಕೂಡಿಸುವಂತಿಲ್ಲ, ಎದುರಿಗೆ ಕೂಡದೆ ನಡೆಸುವಂತಿಲ್ಲ. ಒಪ್ಪಿದನು. ಮೊನ್ನೆ ಬರೆದ ಓಲೆಯಲ್ಲಿ, ಹಳೆಯ ಲ್ಯಾಪ್‌ಟಾಪಿನ ಉಳಿದ ಐದು ಸೆಲ್ಲುಗಳನ್ನು ಅಳೆದೆನೆಂದೂ, ಮೂರು ೨ ವೋಲ್ಟಿಗಿಂತ ಕೆಳಗಿದ್ದುದರಿಂದ ಐದನ್ನೂ ತೆಗೆದುಹಾಕಿದೆನೆಂದೂ ತಿಳಿಸಿದ್ದಾನೆ. ತೆಗೆದುಹಾಕಲು ಕಲಿತವನಿಗೆ ಆ ಯಂತ್ರವನ್ನು ಬೇಗನೆ ಕೊಡಿಸಬೇಕಾದೀತು.

ನಾನು ಹೊರಡುವ ದಿನ ಭಾವನವರಿಗೆ ಮತ್ತೆ ರಾತ್ರಿಯ ಪಾಳಿಯಿತ್ತು. ಮಾಡದಲ್ಲಿ ಕೆಂಪಗಿದ್ದ ದೀಪವು ಹಸಿರಾದದ್ದನ್ನು ನೋಡಿ ಅಕ್ಕನು ಸೆಲ್ಲನ್ನು ತೆಗೆದು ಕೈಯಿಂದ ಮುಟ್ಟಿ ನೋಡಿದಳು, ಬಿಸಿಯಿರಲಿಲ್ಲ. ಬ್ಯಾಟರಿಗೆ ತಾನೇ ಹಾಕಿ, ಅಂಗಳಕ್ಕೊಮ್ಮೆ ಬೆಳಕು ಬಿಟ್ಟು ನೋಡಿ, ಗಂಡನ ಕೈಗೆ ಕೊಟ್ಟಳು. “ಇನ್ನೊಂದು ಸೆಲ್ಲು ಡಬ್ಯಾಗ ಐತಿ, ಮರೀಬ್ಯಾಡ್ರಿ,” ಎಂದಷ್ಟೇ ಅಂದಳು. ಕಾಲುವೆಯ ದಿಕ್ಕಿಗೆ ಬಹಳ ಹೊತ್ತು ಆ ಬೆಳಕು ಕಾಣುತ್ತಿತ್ತು.

ತಮ್ಮ ಮನೆಯ ಬ್ಯಾಟರಿಯು ಸೀಸದ್ದೋ ಲಿಥಿಯಂದೋ ಎಂಬುದನ್ನು ತಿಳಿಯದವರು ಇಂದೇ ಅದನ್ನು ಗೋಡೆಯಿಂದ ತೆಗೆದು, ಮೈಮೇಲಿನ ಬರಹವನ್ನು ಓದಿ ನೋಡಬೇಕೆಂದು ಕೋರುತ್ತೇನೆ. ಮುಂದಿನ ತಿಂಗಳು ಚಳಿಗಾಲದಲ್ಲಿ ಮಕ್ಕಳ ಮೈ ಒಡೆಯದಂತೆ ನೋಡಿಕೊಳ್ಳುವ ವಿಷಯವನ್ನು ಬರೆಯುವೆನು.